ಕೂಡಿ ಆಡೋ ಆಟ ಐತೇನ್ರಿ?

ವಿಡಿಯೋ ಗೇಮ್ ಅನ್ನುವ ವಸ್ತುವನ್ನು ನಾನು ಮೊದಲು ಕಂಡದ್ದು ಕಿತ್ತೂರಿನಲ್ಲಿ, ಸೋದರಮಾವನ ಮನೆಯಲ್ಲಿ. ಮಾವ ಹೆದ್ದಾರಿಯ ಪಕ್ಕ ಲಾರಿಗಳ ಬಿಡಿಭಾಗ ಮಾರುವ ಅಂಗಡಿ ಇಟ್ಟಿದ್ದರು. ಪುಣೆ ಕಡೆಯಿಂದ ಬರುತ್ತಿದ್ದ ಡ್ರೈವರೊಬ್ಬರು ಮಾವನ ಮಗನಿಗೆಂದು ಅದನ್ನು ತಂದುಕೊಟ್ಟಿದ್ದರು. ಬಿಳಿಯ ಪ್ಲಾಸ್ಟಿಕ್ ಡಬ್ಬಿ, ಅದರಿಂದ ವೈರು ಎಳೆದ ಎರಡು ರಿಮೋಟು, ಮೇಲೆ ಸಿಕ್ಕಿಸುವ ಹಳದಿ ಕ್ಯಾಸೆಟ್ಟು. ನಾನು ಬೈಲಹೊಂಗಲದಲ್ಲಿ ಐದನೆಯ ಇಯತ್ತೆ ಮುಗಿಸಿ ರಜೆಗೆ ಹೋಗಿದ್ದೆ. ಮನೆಗೆ ಒಬ್ಬಳೇ ಮಗಳು. ರಜೆ ಎಂದರೆ ನನಗೆ ಮಾವನ ಮಗ, ಅಷ್ಟೇ.

ಅವನು ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ನಾನು ಚೀಲ ಇಳಿಸುವ ಮೊದಲೇ ಕೈಗೊಂದು ರಿಮೋಟು ಕೊಟ್ಟು ಟಿವಿ ಮುಂದೆ ಕೂರಿಸಿದ. ಪರದೆಯ ಮೇಲೆ ಒಂದೇ ಗೊಂಬೆ ಓಡುತ್ತಿತ್ತು. ನಾನು ಎಲ್ಲ ಗುಂಡಿ ಒತ್ತಿ ನೋಡಿದೆ. ಏನೂ ಆಗಲಿಲ್ಲ.

"ನಂದು ಎಲ್ಲೈತಿ?"

"ನಾ ಸತ್ತ ಮ್ಯಾಲೆ ನಿನ್ನ ಪಾಳಿ," ಅಂದ.

ಅವನು ಸಾಯಲೇ ಇಲ್ಲ. ಅತ್ತೆ ಊಟಕ್ಕೆ ಕರೆಯುವವರೆಗೂ ನಾನು ರಿಮೋಟು ಹಿಡಿದುಕೊಂಡು ಅವನ ಗೊಂಬೆ ತಗ್ಗು ಹಾರುವುದನ್ನೂ ಗೋಡೆ ಏರುವುದನ್ನೂ ನೋಡುತ್ತ ಕೂತೆ. ಕ್ಯಾಸೆಟ್ಟಿನ ಮೇಲೆ ಇಬ್ಬರ ಆಟ ಎಂದೇ ಅಚ್ಚಾಗಿತ್ತು. ಒಬ್ಬರು ಆಡುವುದು, ಇನ್ನೊಬ್ಬರು ಅವರು ಸಾಯಲೆಂದು ಕಾಯುವುದು ಕೂಡ ಇಬ್ಬರ ಆಟವೇ ಎಂಬುದು ನನಗೆ ಆ ದಿನ ತಿಳಿಯಿತು.

ರಜೆ ಮುಗಿಯುವ ಹೊತ್ತಿಗೆ ಅದೇ ಕ್ಯಾಸೆಟ್ಟಿನಲ್ಲಿ ಟ್ಯಾಂಕಿನ ಆಟ ಸಿಕ್ಕಿತು. ಅದರಲ್ಲಿ ಇಬ್ಬರೂ ಒಮ್ಮೆಲೇ ಇರಬಹುದಿತ್ತು. ಕೆಳಗೆ ನಡುವೆ ಇಟ್ಟಂಗಿ ಕಟ್ಟಿದ ಸಣ್ಣ ಕೋಟೆ, ಅದರ ಎಡಕ್ಕೊಂದು ಬಲಕ್ಕೊಂದು ನಮ್ಮ ಟ್ಯಾಂಕು. ವೈರಿಗಳು ಮೇಲಿನಿಂದ ಇಳಿದು ಬರುತ್ತಾರೆ, ಕೋಟೆ ಒಡೆಯದಂತೆ ಕಾಯಬೇಕು. ಮೊದಲ ಸಲ ನನ್ನ ಟ್ಯಾಂಕು ನಾನು ಒತ್ತಿದತ್ತ ಹೊರಳಿದಾಗ ಕಿರುಚಿಬಿಟ್ಟೆ. ಆದರೆ ಮಾವನ ಮಗನಿಗೆ ಕೋಟೆ ಬೇಕಿರಲಿಲ್ಲ. ಅವನ ಗುಂಡು ತಾಗಿದರೆ ನನ್ನ ಟ್ಯಾಂಕು ಸ್ವಲ್ಪ ಹೊತ್ತು ಮಿಸುಕದೆ ನಿಂತುಬಿಡುತ್ತಿತ್ತು. ಅವನಿಗೆ ಅದೇ ಮಜಾ. ನಾನು ಅತ್ತರೆ ಇನ್ನೂ ಮಜಾ.

ಮುಂದಿನ ವರ್ಷ ಅವನನ್ನು ಧಾರವಾಡದ ಹಾಸ್ಟೆಲಿಗೆ ಹಾಕಿದರು. ಮನೆಯಲ್ಲಿದ್ದರೆ ಓದುವುದಿಲ್ಲ ಎಂದು ಮಾವನಿಗೆ ಸಿಟ್ಟಿತ್ತು. ಗೇಮಿನ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, "ನೀ ಒಯ್ಯವಾ, ಇಲ್ಲಿದ್ರ ಇವ ರಜಾದಾಗ ಬಂದು ಮತ್ತ ಇದರ ಮುಂದ ಕುಂದರ್ತಾನ," ಎಂದು ನನಗೇ ಕೊಟ್ಟರು. ಅದೇ ತಿಂಗಳು ಅಪ್ಪನಿಗೆ ಸವದತ್ತಿಗೆ ವರ್ಗವಾಯಿತು. ಅಪ್ಪ ನೀರಾವರಿ ಇಲಾಖೆಯಲ್ಲಿದ್ದರು. ಹೀಗೆ ನಾನು ಎರಡು ರಿಮೋಟಿನ ಡಬ್ಬಿಯೊಂದಿಗೆ, ಒಬ್ಬರ ಗುರುತೂ ಇಲ್ಲದ ಊರಿಗೆ ಬಂದೆ.

ನಮ್ಮದು ಮಾಳಿಗೆಯ ಮೇಲಿನ ಬಾಡಿಗೆ ಮನೆ. ಕೆಳಗೆ ಮಾಲಕರು, ಕಾಳುಕಡಿಯ ವ್ಯಾಪಾರಿಗಳು. ದೊಡ್ಡ ಸಂಸಾರ. ದಿನವಿಡೀ ಕೆಳಗಿನಿಂದ ಮಾತು, ನಗು, ಪಾತ್ರೆ ಸದ್ದು ಬರುತ್ತಿದ್ದವು. ಮೇಲೆ ಅವ್ವ, ಅಪ್ಪ, ನಾನು ಮೂವರೂ ಮೆಲ್ಲಗೆ ಮಾತಾಡುವವರು. ಶಾಲೆಯಲ್ಲಿ ಹುಡುಗಿಯರ ಬೆಂಚುಗಳು ಮೊದಲೇ ತುಂಬಿಕೊಂಡಿದ್ದವು. ನಾನು ಹೋಗಿ ತುದಿಯಲ್ಲಿ ಕೂತೆ. ಗೇಮ್ ಇದೆ ಎಂದು ಹೇಳಿದೆ. ಅವರು, "ಅದು ಗಂಡುಡುಗರ ಆಟ," ಎಂದು ಕುಂಟಬಿಲ್ಲೆಗೆ ಹೋದರು. ಹುಡುಗರಿಗೆ ಸುದ್ದಿ ಮುಟ್ಟಿ ಇಬ್ಬರು ನಮ್ಮ ಮೆಟ್ಟಿಲವರೆಗೆ ಬಂದದ್ದೂ ಉಂಟು. ಅವ್ವ ಬಾಗಿಲಲ್ಲಿ ನಿಂತು, "ಅಭ್ಯಾಸಕ್ಕ ಕುಂತಾಳ, ಹೋಗ್ರೆಪಾ," ಎಂದು ಸುಳ್ಳು ಹೇಳಿ ಕಳಿಸಿದರು.

ಒಬ್ಬರ ಆಟಗಳನ್ನು ನಾನು ಆಡುತ್ತಿರಲಿಲ್ಲ ಎಂದಲ್ಲ. ಆಡುತ್ತಿದ್ದೆ, ಬೇಗ ಬೇಸರವಾಗುತ್ತಿತ್ತು. ಆಮೇಲೆ ಟ್ಯಾಂಕಿನ ಆಟ ಹಚ್ಚಿ ಇಬ್ಬರು ಎಂದು ಆರಿಸಿ, ಒಂದು ರಿಮೋಟು ಕೈಯಲ್ಲಿ ಹಿಡಿದು ಇನ್ನೊಂದನ್ನು ಪಕ್ಕದ ಚಾಪೆಯ ಮೇಲೆ ಇಡುತ್ತಿದ್ದೆ. ಎರಡನೆಯ ಟ್ಯಾಂಕು ಕೋಟೆಯ ಬಲಕ್ಕೆ ಸುಮ್ಮನೆ ನಿಂತಿರುತ್ತಿತ್ತು. ಅದರ ಮೇಲೆ ಗುಂಡು ಬೀಳದಂತೆ ಅಡ್ಡ ಹೋಗಿ ನಿಲ್ಲುತ್ತಿದ್ದೆ. ಹೀಗೆ ಯಾರೂ ಆಡದ ಟ್ಯಾಂಕನ್ನು ಕಾಯುವುದರಲ್ಲೇ ನನ್ನದು ಸಾಯುತ್ತಿತ್ತು.

ಒಂದು ರವಿವಾರ ಅಪ್ಪ ಅದನ್ನು ನೋಡಿರಬೇಕು. ಪೇಪರು ಮಡಚಿ ಬಂದು ಪಕ್ಕದಲ್ಲಿ ಕೂತು, "ತಾ, ನಾ ಒಂದ್ ಕೈ ನೋಡ್ತೇನಿ," ಅಂದರು. ಟ್ಯಾಂಕು ಎಡಕ್ಕೆ ಹೋಗಬೇಕೆಂದರೆ ಅಪ್ಪ ಇಡೀ ಮೈಯನ್ನೇ ಎಡಕ್ಕೆ ವಾಲಿಸುತ್ತಿದ್ದರು, ರಿಮೋಟನ್ನು ಗಾಳಿಯಲ್ಲಿ ತಿರುವುತ್ತಿದ್ದರು. ಅವ್ವ ಅಡುಗೆಮನೆಯಿಂದ ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕರು. ಅಪ್ಪ ತಾವೇ ನಮ್ಮ ಕೋಟೆ ಒಡೆದರು. ಆಟ ಮುಗಿದ ಮೇಲೆ, "ಇದ್ರಾಗ ಗೆದ್ದ ಮ್ಯಾಲೆ ಏನ್ ಆಕ್ಕೈತಿ?" ಎಂದು ಕೇಳಿದರು.

"ಮುಂದಿನ ಸುತ್ತು ಬರ್ತೈತಿ."

"ಅದನ್ನ ಗೆದ್ರ?"

"ಅದರ ಮುಂದಿನದು."

ಅಪ್ಪ ತಲೆಯಾಡಿಸಿ ಮತ್ತೆ ಪೇಪರಿಗೆ ಹೋದರು. ಅವರು ಪ್ರಯತ್ನಪಟ್ಟರು ಎಂಬುದು ಈಗ ಅರ್ಥವಾಗುತ್ತದೆ. ಆವತ್ತು ಅವರು ಎದ್ದು ಹೋದದ್ದಷ್ಟೇ ಅರ್ಥವಾಗಿತ್ತು.

ಕೆಳಗಿನ ಮನೆಗೆ ಆ ವರ್ಷವೇ ಹೊಸ ಸೊಸೆ ಬಂದಿದ್ದಳು. ಹೂಲಿಯವಳು. ನಾನು ಅವಳನ್ನು ವೈನಿ ಎನ್ನುತ್ತಿದ್ದೆ. ನಮ್ಮ ಕಡೆ ಅಣ್ಣನ ಹೆಂಡತಿಗೆ ಹಾಗನ್ನುತ್ತಾರೆ, ನನಗೆ ಅಣ್ಣನಿರದಿದ್ದರೂ. ಹತ್ತನೆಯದು ಪಾಸಾಗಿ ಒಂದೆರಡು ವರ್ಷ ಮನೆಯಲ್ಲಿದ್ದು ಮದುವೆಯಾಗಿ ಬಂದವಳು, ಹುಡುಗಿಯೇ. ಮದುವೆಯಲ್ಲಿ ಅತ್ತೆಯ ಮನೆಯವರು ಅವಳ ಹೆಸರು ಬದಲಿಸಿದ್ದರು. ಯಾರಾದರೂ ಆ ಹೊಸ ಹೆಸರು ಕೂಗಿದರೆ ಅವಳಿಗೆ ತನ್ನನ್ನೇ ಕರೆದದ್ದು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಅದಕ್ಕೆ ಬೈಸಿಕೊಳ್ಳುವುದು ಮೇಲೆ ನಮಗೆ ಕೇಳುತ್ತಿತ್ತು.

ಅವಳು ನಮ್ಮ ಮಾಳಿಗೆಗೆ ಹಪ್ಪಳ ಒಣಹಾಕಲು ಬರುತ್ತಿದ್ದಳು. ಒಂದು ಶನಿವಾರ, ಶಾಲೆ ಬೆಳಗಿನ ಹೊತ್ತಿಗೇ ಮುಗಿದಿತ್ತು, ಅವ್ವ ಸಂತೆಗೆ ಹೋಗಿದ್ದರು. ವೈನಿ ಬಾಗಿಲಲ್ಲಿ ಇಣುಕಿದಳು.

"ಏನಬೇ ಅದು, ಗುಡುಗುಡು ಅನ್ನಾಕತ್ತೈತಿ? ದಿನಾ ಕೇಳಸ್ತೈತಿ ನನಗ."

"ಟ್ಯಾಂಕ್ ವೈನಿ. ಬರ್ರಿ, ಆಡ್ರಿ."

"ನನಗೆಲ್ಲಿ ಬರ್ತೈತಿ!" ಅಂದಳು. ಅನ್ನುತ್ತಲೇ ಹಿಟ್ಟಿನ ಕೈ ಒರೆಸಿಕೊಂಡು ಒಳಗೆ ಬಂದಿದ್ದಳು. ಚಾಪೆಯ ಮೇಲೆ ಬಿದ್ದಿದ್ದ ರಿಮೋಟನ್ನು ಎತ್ತಿ ಹಿಂದೆ ಮುಂದೆ ತಿರುವಿ ನೋಡಿದಳು. ನಾನು ಹೇಳಿಕೊಟ್ಟೆ. ಮೊದಲ ಸುತ್ತಿನಲ್ಲೇ ಅವಳಿಗೊಂದು ತಿಳಿಯಿತು, ಅದು ಮಾವನ ಮಗನಿಗೂ ಅಪ್ಪನಿಗೂ ತಿಳಿದಿರಲಿಲ್ಲ. "ನಾ ಇಲ್ಲೇ ಕೋಟಿ ಕಾಯ್ತೇನಿ. ನೀ ಮ್ಯಾಲ ಹೋಗು," ಅಂದಳು.

ನಾನು ಮೇಲೆ ಹೋದೆ. ನನ್ನ ಹಿಂದೆ ಯಾರೋ ಇದ್ದರು. ತಪ್ಪಿಸಿಕೊಂಡು ಇಳಿದ ವೈರಿಯನ್ನು ಅವಳು ಕೆಳಗೆ ಹೊಡೆಯುತ್ತಿದ್ದಳು, "ಬಾ, ಬಾ, ಇಕಾ ಬಾ," ಎಂದು ಕೋಳಿ ಕರೆದಂತೆ ಕರೆದು. ಆ ಮಧ್ಯಾಹ್ನ ನಾನು ಅದುವರೆಗೆ ಕಂಡಿರದ ಸುತ್ತುಗಳಿಗೆ ಹೋದೆವು. ಮಾಳಿಗೆಯ ಮೇಲೆ ಹಪ್ಪಳದ ಅರ್ಧ ಹಿಟ್ಟು ಹಾಗೇ ಒಣಗಿ ಗಟ್ಟಿಯಾಯಿತು.

ಆಮೇಲೆ ಅವಳು ಬರುವುದು ರೂಢಿಯಾಯಿತು. ಅತ್ತೆ ಊಟ ಮಾಡಿ ಅಡ್ಡಾಗುವ ಹೊತ್ತು, ಗಂಡ ಮಾರ್ಕೆಟ್ ಯಾರ್ಡಿನಲ್ಲಿರುವ ಹೊತ್ತು. ಅವ್ವನಿಗೂ ಅವಳು ಬಂದರೆ ಹಿತವೆನಿಸುತ್ತಿತ್ತು. ನಮ್ಮ ಹಿಂದೆ ಕೂತು ಕಾಳು ಆರಿಸುತ್ತಿದ್ದರು.

ಟ್ಯಾಂಕಿನ ಆಟವನ್ನು ಎಷ್ಟು ದಿನ ಆಡಿಯಾರು? ಹೊಸ ಆಟ ಬೇಕಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿಯ ಅಂಗಡಿಯಲ್ಲಿ ಹಳೆಯ ಕ್ಯಾಸೆಟ್ಟು ಕೊಟ್ಟು ಬೇರೆಯದನ್ನು ಒಯ್ಯಬಹುದಿತ್ತು. ಅಪ್ಪನ ಸೈಕಲ್ಲಿನ ಹಿಂದೆ ಕೂತು ಹೋದೆ.

"ಕೂಡಿ ಆಡೋ ಆಟ ಐತೇನ್ರಿ?" ಎಂದೆ.

"ಎಲ್ಲಾನೂ ಇಬ್ರು ಆಡೋವ ಅದಾವ," ಎಂದರು ಅಂಗಡಿಯವರು.

"ಹಂಗಲ್ಲರಿ. ಒಬ್ರಾದ ಮ್ಯಾಲೆ ಒಬ್ರಲ್ಲ. ಒಬ್ರನ್ನೊಬ್ರು ಹೊಡಿಯೋದೂ ಅಲ್ಲ. ಕೂಡಿ."

ಅವರು ಅಪ್ಪನ ಮುಖ ನೋಡಿದರು. "ಹುಡುಗಿ ಭಾಳ ವಿಚಾರಣಿ ಮಾಡ್ತೈತ್ರಿ ಸಾಹೇಬ್ರ," ಎಂದು ನಕ್ಕು, ನೂರು ಆಟ ಎಂದು ಬರೆದಿದ್ದ ಕ್ಯಾಸೆಟ್ಟು ಕೊಟ್ಟರು. ಮನೆಗೆ ಬಂದು ನೋಡಿದರೆ ಇದ್ದದ್ದು ಕೆಲವೇ ಆಟ. ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಆದರೂ ಒಂದೊಂದನ್ನೂ ವೈನಿ ಮತ್ತು ನಾನು ಪರೀಕ್ಷೆ ಮಾಡಿದೆವು.

ಕುಸ್ತಿಯದನ್ನು ಅವಳು ಒಂದೇ ಸಲಕ್ಕೆ ಕೈಬಿಟ್ಟಳು. ನಾನು ಅವಳ ಪೈಲವಾನನನ್ನು ಕೆಡವಿದಾಗ ಗೆದ್ದದ್ದು ನಾನಾದರೂ ಇಬ್ಬರಿಗೂ ಹೇಗೋ ಅನಿಸಿತು. ಕಾರಿನ ಪಂದ್ಯದಲ್ಲಿ ಮಾತೇ ನಿಂತುಹೋಗುತ್ತಿತ್ತು. ಇಬ್ಬರು ಸಿಪಾಯಿಗಳು ಕಾಡಿನಲ್ಲಿ ಗುಂಡು ಹಾರಿಸುತ್ತ ಓಡುವ ಆಟವೊಂದಿತ್ತು. ಅದು ಎಲ್ಲರಿಗೂ ಇಷ್ಟವಾಗುವಂಥದು, ನನಗೂ ಇಷ್ಟವಾಯಿತು. ಆದರೆ ಅದರಲ್ಲಿ ಮುಂದೆ ಓಡಿದವನ ಜೊತೆ ಪರದೆ ಸರಿಯುತ್ತಿತ್ತು. ಬಂಡೆ ಏರುವ ಜಾಗದಲ್ಲಿ ನಾನು ಮೇಲಕ್ಕೆ ಜಿಗಿದೆನೆಂದರೆ ಕೆಳಗಿದ್ದ ವೈನಿಯ ಸಿಪಾಯಿ ಪರದೆಯ ಹೊರಗಾಗಿ ಸತ್ತುಹೋಗುತ್ತಿದ್ದ. ಮೂರ್ನಾಲ್ಕು ಸಲ ಹೀಗಾಯಿತು.

"ಇದು ಒಲ್ಲೆ ನಾ," ಅಂದಳು. "ಮುಂದ ಹೋದಾಕಿ ನಿಂತು ಕೈ ಕೊಡಬೇಕಲ್ಲ? ಇದ್ರಾಗ ಕೈ ಕೊಡಾಕ ಬರೂದ ಇಲ್ಲ."

ಬೇರೆ ಯಾವುದು ಬೇಕು ಎಂದೆ. ತನ್ನೂರಿನ ಹಳೆಯ ಗುಡಿಗಳ ಹಿಂದೆ ಗೆಳತಿಯರ ಜೊತೆ ಆಡುತ್ತಿದ್ದ ಆಟ ಹೇಳಿದಳು. ಸಿಕ್ಕಿಬಿದ್ದವರು ಕಂಬ ಹಿಡಿದು ನಿಲ್ಲಬೇಕು. ಉಳಿದವರು ಓಡಿಬಂದು ಮುಟ್ಟಿದರೆ ಅವರಿಗೆ ಬಿಡುಗಡೆ. "ಅಂಥಾದ್ದು ಇರ್ತೈತೇನು ಟಿವ್ಯಾಗ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಇದ್ದರೂ ಸವದತ್ತಿಯಲ್ಲಿ ಸಿಗುತ್ತಿರಲಿಲ್ಲ. ಕೊನೆಗೆ ಒಂದು ಸಣ್ಣ ಆಟ ಸಿಕ್ಕಿತು. ಎರಡು ಗೊಂಬೆ, ಹಿಮದ ಗುಡ್ಡ. ಒಬ್ಬರು ಇನ್ನೊಬ್ಬರ ಹೆಗಲೇರಿ ಹೋಗುವುದು, ಮೇಲಿನವರು ಕೆಳಗಿನವರಿಗಾಗಿ ಕಾಯದಿದ್ದರೆ ಗುಡ್ಡ ಏರಲಾಗದು. ಅದನ್ನು ನಾವು ಮಳೆಗಾಲವೆಲ್ಲ ಆಡಿದೆವು. ಕರೆಂಟು ಹೋದರೆ ಅವಳು ಎದ್ದು ಹೋಗುತ್ತಿರಲಿಲ್ಲ. ಕತ್ತಲಾದ ಟಿವಿಯ ಗಾಜಿನಲ್ಲಿ ನಮ್ಮಿಬ್ಬರ ನೆರಳು ಕಾಣುತ್ತಿತ್ತು; ಅದನ್ನೇ ನೋಡುತ್ತ ಮಾತಾಡುತ್ತಿದ್ದೆವು. ಅವಳ ಹಳೆಯ ಹೆಸರನ್ನು ನನಗೆ ಹೇಳಿದ್ದು ಹಾಗೊಮ್ಮೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಒಂದು ದಿನ ಅವಳ ಅತ್ತೆ ಮೆಟ್ಟಿಲು ಹತ್ತಿ ಬಂದರು. ನಾವು ನೋಡಿರಲಿಲ್ಲ. ಸೆರಗು ಹೆಗಲಿಗೆ ಜಾರಿತ್ತು, ವೈನಿ ಮಂಡಿಯೂರಿ, "ಜಿಗಿ! ಜಿಗಿಯಬೇ!" ಎಂದು ನನ್ನನ್ನು ಕೂಗುತ್ತಿದ್ದಳು. ತಿರುಗಿ ನೋಡಿದವಳೇ ರಿಮೋಟು ಕೆಳಗಿಟ್ಟು ತಲೆ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು. ನನ್ನ ಅವ್ವನ ಕೈ ಮೊರದ ಮೇಲೆ ನಿಂತಿತು.

ಬೈಗುಳ ಬರಲಿಲ್ಲ. ಆ ಹೆಂಗಸು ಉಸಿರು ಬಿಡುತ್ತ ಗೋಡೆಗೆ ಒರಗಿ ಕೂತರು. "ಕುಂದ್ರು, ಯಾಕ ಎದ್ದಿ? ಆಡ್ರಿ, ನಾನೂ ನೋಡ್ತೇನಿ," ಎಂದರು. ಸ್ವಲ್ಪ ಹೊತ್ತು ನೋಡಿ, "ಇದ್ರಾಗ ನಮ್ಮಾಕಿ ಯಾವ್ದು?" ಎಂದು ಕೇಳಿದರು. ನಾನು ತೋರಿಸಿದೆ. "ನಿಮ್ಮ ಟಿವಿ ಸಣ್ಣದೈತಿ, ಬಣ್ಣಾನೂ ಇಲ್ಲ. ಕಣ್ಣು ಹಾಳ ಮಾಡ್ಕೊಂತೀರಿ. ಕೆಳಗ ನಮ್ಮಲ್ಲಿ ದೊಡ್ಡ ಕಲರ್ ಟಿವಿ ಐತಿ, ಅಲ್ಲೇ ತಂದು ಆಡ್ರೆವಾ. ಮನಿ ಮಂದಿ ಎಲ್ಲಾ ನೋಡ್ತಾರ."

ಅದು ಅಪ್ಪಟ ಪ್ರೀತಿಯ ಮಾತು. ಅವ್ವನಿಗೆ ಎಷ್ಟು ಸಮಾಧಾನವಾಯಿತೆಂದರೆ ಅವತ್ತು ಸಂಜೆಯೇ ತಾವೇ ಡಬ್ಬಿ ಎತ್ತಿಕೊಂಡು ಕೆಳಗೆ ಕೊಟ್ಟುಬಂದರು.

ಕೆಳಗಿನ ಪಡಸಾಲೆಯಲ್ಲಿ ಮೊದಲ ದಿನ ವೈನಿ ಮತ್ತು ನಾನೇ ಆಡಿದೆವು. ಅತ್ತೆ ಮಂಚದ ಮೇಲೆ, ನಾದಿನಿ ಬಾಗಿಲಲ್ಲಿ, ಪಕ್ಕದ ಮನೆಯ ಹೆಂಗಸರಿಬ್ಬರು ಕೆಳಗೆ. ಬಣ್ಣದಲ್ಲಿ ಗುಡ್ಡ ನೀಲಿಯಾಗಿತ್ತು. ವೈನಿ ತಲೆಯ ಮೇಲಿನ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಆಡಿದಳು, ಮತ್ತೆ ಮತ್ತೆ ಬಿದ್ದಳು, ಬಿದ್ದಾಗ ಸುಮ್ಮನೆ ನಕ್ಕಳು. ಜಿಗಿ ಎಂದು ಒಮ್ಮೆಯೂ ಕೂಗಲಿಲ್ಲ. ಸಂಜೆ ಗಂಡ ಮತ್ತು ಮೈದುನ ಬಂದರು. "ಏನಿದು, ಹೆಂಗ ಆಡೋದು?" ಎಂದು ಮೈದುನ ಕೈಚಾಚಿದಾಗ ಅವಳು ರಿಮೋಟು ಕೊಟ್ಟು ಚಹಾ ಇಡಲು ಹೋದಳು.

ಅಂದಿನಿಂದ ಅದು ಅವರ ಆಟವಾಯಿತು. ಅಣ್ಣತಮ್ಮ, ಅವರ ಗೆಳೆಯರು ಎಲ್ಲ ಸೇರಿ ಕುಸ್ತಿ ಹಚ್ಚಿ ಗದ್ದಲ ಮಾಡುತ್ತಿದ್ದರು. ಅವರು ಕೆಟ್ಟವರಲ್ಲ. ನಾನು ಹೋದರೆ, "ಬಾರವಾ, ಗೇಮಿನ ಮಾಲಕರು ಬಂದ್ರು," ಎಂದು ಜಾಗ ಬಿಟ್ಟು ಕೂರಿಸಿಕೊಂಡು ಒಂದು ಪಾಳಿ ಕೊಡುತ್ತಿದ್ದರು. ಒಂದು ದಿನ ಗಂಡನಿಗೇ ಏನು ತೋರಿತೋ, ಚಹಾದ ತಾಟು ಹಿಡಿದು ಬಂದ ವೈನಿಗೆ, "ನೀನೂ ಆಡ್ತಿಯಂತಲ್ಲ? ಅವ್ವ ಹೇಳಿದ್ಲು. ಕುಂದ್ರು, ಒಂದ್ ಆಟ ಆಡೂಣು," ಎಂದ.

ಕೂತರೆ ಅವಳು ಗೆಲ್ಲುವಳು, ನನಗೆ ಗೊತ್ತಿತ್ತು.

"ನನಗ ಬರೂದಿಲ್ರಿ," ಅಂದಳು ಅವಳು. "ಸುಮ್ನ ಆ ಹುಡುಗಿ ಜೋಡಿ ಕುಂತಿರ್ತಿದ್ದೆ ಅಷ್ಟ."

ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನ್ನತ್ತ ನೋಡಲಿಲ್ಲ. ನಾನು ಮೇಲೆ ಬಂದು, ಟಿವಿ ಇಲ್ಲದ ಕಡೆಯ ಗೋಡೆಗೆ ಮುಖ ಮಾಡಿ ಮಲಗಿದೆ. ಕೆಳಗೆ ಅವರು ನಗುತ್ತಿದ್ದರು. ಜ್ವರವೇ ಎಂದು ಅವ್ವ ಹಣೆ ಮುಟ್ಟಿ ನೋಡಿದರು.

ಡಬ್ಬಿಯನ್ನು ಮೇಲೆ ತರಿಸು ಎಂದು ಅವ್ವನಿಗೆ ಗಂಟುಬಿದ್ದೆ. "ಹೆಂಗ ಕೇಳ್ಲಿ? ಅಷ್ಟು ಪ್ರೀತೀಲೆ ಕರದಾರ," ಎನ್ನುತ್ತಿದ್ದರು. ವೈನಿ ಮಾಳಿಗೆಗೆ ಬರುವುದೂ ಕಡಿಮೆಯಾಯಿತು. ಬಂದರೂ ಕೂರಲು ಈಗ ನೆಪವಿರಲಿಲ್ಲ. ಚಳಿಗಾಲದಲ್ಲಿ ಹೆರಿಗೆಗೆಂದು ಹೂಲಿಗೆ ಹೋದಳು. ಅವಳು ಮಗುವಿನೊಂದಿಗೆ ತಿರುಗಿ ಬರುವ ಮೊದಲೇ ಅಪ್ಪನಿಗೆ ರಾಮದುರ್ಗಕ್ಕೆ ವರ್ಗವಾಯಿತು. ಸಾಮಾನು ಕಟ್ಟುವಾಗ ಕೆಳಗಿನವರು ಡಬ್ಬಿಯನ್ನು ಒರೆಸಿ, ವೈರು ಸುತ್ತಿ ತಂದುಕೊಟ್ಟರು. ಒಂದು ರಿಮೋಟಿನ ಗುಂಡಿ ಒಳಗೇ ಕೂತುಬಿಟ್ಟಿತ್ತು.

ರಾಮದುರ್ಗದಲ್ಲಿ ಅದನ್ನು ಅಟ್ಟದಿಂದ ಇಳಿಸಲೇ ಇಲ್ಲ. ಪಿಯುಸಿ ಓದುವಾಗ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಒಂದೊಂದು ಯಂತ್ರಕ್ಕೆ ಇಬ್ಬರು ಹುಡುಗಿಯರು. ಸರ್ ಇಲ್ಲದಾಗ ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡುವ ಸಣ್ಣ ಆಟವೊಂದನ್ನು ಯಾರೋ ತೋರಿಸಿದರು. ಒಬ್ಬಳು ಎಡಗಡೆಯ ಅಕ್ಷರ, ಇನ್ನೊಬ್ಬಳು ಬಲಗಡೆಯ ಬಾಣದ ಗುರುತು. ಮೊಣಕೈ ಮೊಣಕೈ ತಾಗುತ್ತಿದ್ದವು. ನಾನು ಪಕ್ಕದವಳಿಗೆ, "ನೀ ಇಲ್ಲಿರು, ನಾ ಮುಂದ ಹೋಗ್ತೇನಿ," ಎಂದೆ. ಅವಳು, "ಯಾಕ? ನಾನೂ ಬರ್ತೇನಿ," ಎಂದು ಓಡಿ ಬಂದು ಸತ್ತಳು. ಒಳ್ಳೆಯ ಹುಡುಗಿ, ಇಂದಿಗೂ ಹಬ್ಬಕ್ಕೆ ಫೋನು ಮಾಡುತ್ತಾಳೆ. ಆ ಆಟವನ್ನು ನಾವು ಮತ್ತೆ ಆಡಲಿಲ್ಲ.

ಕೆಲವು ವರ್ಷಗಳ ಮೇಲೆ, ನಾನು ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿದ್ದಾಗ, ಬೈಲಹೊಂಗಲದ ಒಂದು ಶಾಲೆಗೆ ಸಂದರ್ಶನಕ್ಕೆ ಹೋದೆ. ವೈನಿಯ ಗಂಡ ಕೂಡುಸಂಸಾರದಿಂದ ಬೇರೆಯಾಗಿ ಅಲ್ಲೇ ಅಂಗಡಿ ಹಾಕಿದ್ದಾನೆಂದು ಅವ್ವ ಹೇಳಿದ್ದರು. ಕೇಳಿಕೊಂಡು ಹೋದೆ. ಬಾಗಿಲು ತೆರೆದವಳು ಒಂದು ಕ್ಷಣ ನೋಡಿ, "ಅಯ್ ಯವ್ವಾ, ಎಷ್ಟ್ ಎತ್ತರ ಆಗೀಯಲ್ಲ!" ಎಂದು ಎರಡೂ ಕೈ ಹಿಡಿದು ಒಳಗೆಳೆದುಕೊಂಡಳು. ಮೈ ತುಂಬಿಕೊಂಡಿದ್ದಳು. ಇಬ್ಬರು ಹೆಣ್ಣುಮಕ್ಕಳು, ಶಾಲೆಗೆ ಹೋಗಿದ್ದರು. ಅತ್ತೆ ತೀರಿಕೊಂಡದ್ದನ್ನು ಹೇಳಿ ಕಣ್ಣು ಒರೆಸಿಕೊಂಡಳು. ಉಪ್ಪಿಟ್ಟು ಮಾಡಿದಳು. ನಾನು ಅವಳಾಗಿಯೇ ಹೇಳಲಿ ಎಂದು ಕಾದೆ. ಹೇಳಲಿಲ್ಲ. ಕೊನೆಗೆ ನಾನೇ ಕೇಳಿದೆ.

"ವೈನಿ, ನಾವು ಆಡ್ತಿದ್ವಲ್ಲ, ನೆನಪೈತೇನು?"

"ನೆನಪಿಲ್ಲದ ಏನು," ಎಂದು ನಕ್ಕಳು. "ಆದ್ರ ಖರೇ ಹೇಳ್ತೇನಿ ನೋಡು, ನನಗ ಆ ಆಟ ಅಷ್ಟೇನ್ ಸೇರ್ತಿದ್ದಿಲ್ಲ. ತಲಿ ನೋಯ್ತಿತ್ತು. ನೀ ಒಬ್ಬಾಕೀನ ಎರಡು ರಿಮೋಟ್ ಇಟ್ಕೊಂಡು ಕುಂತಿರೋದು ನೋಡಿ ಕರಳು ಚುರ್ ಅಂತಿತ್ತು. ಅದಕ್ಕ ಬರ್ತಿದ್ದೆ."

ಇಷ್ಟು ವರ್ಷ ನಾನು ಬೇರೆಯೇ ತಿಳಿದಿದ್ದೆ. ಅತ್ತೆಯ ಮನೆಯಲ್ಲಿ ಉಸಿರುಗಟ್ಟಿದ ಒಬ್ಬ ಹುಡುಗಿಗೆ ನಾನು ದಿನಕ್ಕೊಂದಿಷ್ಟು ಹೊತ್ತು ಬಾಗಿಲು ತೆರೆದೆ ಎಂದು. ಅದು ಮುಚ್ಚಿದಾಗ ನನಗಿಂತ ಅವಳು ಹೆಚ್ಚು ಕಳೆದುಕೊಂಡಳು ಎಂದು. ಅವಳಿಗಾಗಿ ಎಷ್ಟು ಸಲ ಮರುಗಿದ್ದೆ.

"ಖರೇನ ಸೇರ್ತಿದ್ದಿಲ್ಲ?" ಎಂದೆ.

ಅವಳು ಉತ್ತರ ಹೇಳುವುದರೊಳಗೆ ಮಕ್ಕಳು ಶಾಲೆಯಿಂದ ಬಂದರು. ಚಿಕ್ಕವಳ ಚಪ್ಪಲಿ ಕಿತ್ತಿತ್ತು, ದೊಡ್ಡವಳಿಗೆ ಹಸಿವು. ವೈನಿ ಎದ್ದಳು. ಚಿಕ್ಕವಳು ನನ್ನ ಬ್ಯಾಗಿನಲ್ಲಿದ್ದ ಮೊಬೈಲು ನೋಡಿ, "ಇದ್ರಾಗ ಗೇಮ್ ಅದಾವೇನ್ರಿ?" ಎಂದಳು. ಹಾವಿನದೊಂದಿದೆ, ಒಬ್ಬರೇ ಆಡುವುದು ಎಂದೆ. ಸಾಕು ಎಂದು ಇಸಿದುಕೊಂಡು ಕಟ್ಟೆಯ ಮೇಲೆ ಹೋಗಿ ಕೂತಳು. ಬಸ್ಸಿನ ಹೊತ್ತಾಗುವವರೆಗೆ ತಲೆ ಎತ್ತಲಿಲ್ಲ. ನಾನು ಫೋನು ಕೇಳಿ ಇಸಿದುಕೊಳ್ಳುವಾಗ ವೈನಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿಂದಲೇ, "ಹೋಗಿ ಬಾರವಾ, ಕೆಲಸ ಆದ್ರ ಇಲ್ಲೇ ಬಂದ್ ಇರು," ಎಂದು ಕೂಗಿದಳು.

ಆ ಕೆಲಸ ಆಗಲಿಲ್ಲ.